ಪರದೆ ಆರಿದ ಮೇಲೆ

ಪರದೆ ಆರಿದ ಮಾತ್ರಕ್ಕೆ ಫೋನಿನ ಕೆಲಸ ಮುಗಿಯುವುದಿಲ್ಲ. ಯಾರಾದರೂ ಕರೆ ಮಾಡುತ್ತಿದ್ದಾರೆಯೇ ಎಂದು ಅದು ಮೊಬೈಲ್ ಟವರಿನ ಕಡೆಗೆ ಆಗಾಗ ಕಿವಿಗೊಡಬೇಕು, ಬೆಳಗಿನ ಅಲಾರಾಂ ಮರೆಯದಂತೆ ಇರಬೇಕು, ಸಂದೇಶ ಬಂದರೆ ಸದ್ದು ಮಾಡಬೇಕು, ಹಗಲು ತೆಗೆದ ಫೋಟೊಗಳನ್ನು ದೂರದ ಸರ್ವರಿಗೆ ಕಳಿಸಬೇಕು, ನಡೆದ ಹೆಜ್ಜೆಗಳನ್ನು ಎಣಿಸಬೇಕು. ಲ್ಯಾಪ್‌ಟಾಪಿನಲ್ಲೂ ಇದೇ ಕತೆ. ಪತ್ರವೊಂದನ್ನು ಟೈಪ್ ಮಾಡುತ್ತಿರುವವರಿಗೆ ಕಾಣುವುದು ಒಂದೇ ವಿಂಡೋ. ಅದರ ಹಿಂದೆ ವೈರಸ್ ತಪಾಸಣೆ, ಹುಡುಕಾಟಕ್ಕಾಗಿ ಫೈಲುಗಳ ಸೂಚಿ ತಯಾರಿ, ಅಪ್‌ಡೇಟ್ ಡೌನ್‌ಲೋಡ್, ಪ್ರಿಂಟರಿನ ನಿಗಾ ಎಂದು ನೂರಕ್ಕೂ ಹೆಚ್ಚು ಪ್ರಕ್ರಿಯೆಗಳು ಇರುವುದು ಮಾಮೂಲು. ಬಳಕೆದಾರರ ಕಣ್ಣೆದುರು ನಡೆಯದ ಇವೆಲ್ಲ ಹಿನ್ನೆಲೆ ಕೆಲಸಗಳು. ಯಾವುದಕ್ಕೆ ಯಾವಾಗ, ಎಷ್ಟು ಹೊತ್ತು ಅವಕಾಶ ಕೊಡಬೇಕು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್‌ನ ಹೊಣೆ.

ಈ ಕೆಲಸಗಳು ಮುಖ್ಯವಾಗಿ ಮೂರು ಸಂಪನ್ಮೂಲಗಳಿಗಾಗಿ ಪೈಪೋಟಿ ನಡೆಸುತ್ತವೆ: ಪ್ರೊಸೆಸರಿನ ಸಮಯ, ಮೆಮೊರಿ ಮತ್ತು ವಿದ್ಯುತ್. ಮೂರರ ಸ್ವಭಾವವೂ ಬೇರೆ ಬೇರೆ. ಪ್ರೊಸೆಸರಿನ ಸಮಯವನ್ನು ಕೂಡಿಡಲು ಬರುವುದಿಲ್ಲ. ಈ ಕ್ಷಣ ಬಳಸದಿದ್ದರೆ ಅದು ಹೋಯಿತು. ಮೆಮೊರಿಯನ್ನು ಖಾಲಿ ಬಿಟ್ಟರೆ ಲಾಭವೇನೂ ಇಲ್ಲ. ಬಳಸದೆ ಬಿಟ್ಟಷ್ಟೂ ನಾಳೆಗೆ ಉಳಿಯುವುದು ಬ್ಯಾಟರಿಯ ವಿದ್ಯುತ್ ಮಾತ್ರ. ಹಾಗಾಗಿ ಒಂದನ್ನು ಉಳಿಸುವ ಉಪಾಯವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಎಡವಟ್ಟಾಗುತ್ತದೆ. ಫೋನುಗಳ ಬಗ್ಗೆ ಚಾಲ್ತಿಯಲ್ಲಿರುವ ಅನೇಕ ಸಲಹೆಗಳು ಎಡವಿರುವುದು ಇಲ್ಲೇ.

ಸರದಿ ಮತ್ತು ಆದ್ಯತೆ

ಪ್ರೊಸೆಸರಿನ ಒಂದು ಕೋರ್ ಒಂದು ಕ್ಷಣದಲ್ಲಿ ಸಾಮಾನ್ಯವಾಗಿ ಒಂದೇ ಪ್ರೋಗ್ರಾಮಿನ ಆದೇಶಗಳನ್ನು ನಡೆಸುತ್ತದೆ. ಹಲವು ಕೆಲಸಗಳು ಒಟ್ಟಿಗೇ ನಡೆಯುತ್ತಿವೆ ಎನಿಸುವುದು, ಪ್ರತಿಯೊಂದಕ್ಕೂ ಕೆಲವು ಮಿಲಿಸೆಕೆಂಡುಗಳ ಸರದಿ ಕೊಡುತ್ತ ಹೋಗುವುದರಿಂದ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಇದನ್ನು ಮಾಡಿ ತೋರಿಸಿದರು. ಕೋಣೆ ತುಂಬುವ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸಲು ಹುಡುಕಿದ ದಾರಿ ಅದು. ಇಂದು ಅಂಗೈಯಲ್ಲಿರುವ ಫೋನಿನೊಳಗೆ ಹಲವು ಆ್ಯಪ್‌ಗಳು ಸೇರಿಕೊಂಡು ಒಬ್ಬರಿಗಾಗಿ ದುಡಿಯುವುದೂ ಅದೇ ತತ್ವದ ಮೇಲೆ.

ಸರದಿ ಬಿಟ್ಟುಕೊಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ವಿಂಡೋಸ್ 3.1 ಮತ್ತು ಹಳೆಯ ಮ್ಯಾಕ್‌ಗಳಲ್ಲಿ ಆ ಮರ್ಜಿ ಆಯಾ ಪ್ರೋಗ್ರಾಮಿನದೇ ಆಗಿತ್ತು. ಒಂದು ಪ್ರೋಗ್ರಾಂ ಬಿಟ್ಟುಕೊಡಲು ಮರೆತರೆ ಇಡೀ ಯಂತ್ರ ಕಲ್ಲಾಗಿ ಕೂರುತ್ತಿತ್ತು. ಯುನಿಕ್ಸ್ ಮೊದಲಿನಿಂದಲೂ ಸರದಿಯನ್ನು ಕಿತ್ತುಕೊಳ್ಳುವ ಅಧಿಕಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಸಾಮಾನ್ಯ ಬಳಕೆದಾರರಿಗೆ ಆ ಭಾಗ್ಯ ವಿಂಡೋಸ್ 95ರ ಜೊತೆಗೆ ಬಂತು. ಮ್ಯಾಕ್ ಬಳಸುವವರು 2001ರಲ್ಲಿ ಓಎಸ್ ಟೆನ್ ಬರುವವರೆಗೆ ಕಾಯಬೇಕಾಯಿತು. ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ಪ್ರತಿ ಪ್ರಕ್ರಿಯೆಗೂ ‘ನೈಸ್’ ಎಂಬ ಅಂಕಿಯೊಂದಿದೆ. ಲಿನಕ್ಸ್‌ನಲ್ಲಿ ಅದು −20ರಿಂದ 19ರವರೆಗೆ. ಅಂಕಿ ಹೆಚ್ಚಿದಷ್ಟೂ ಆ ಪ್ರಕ್ರಿಯೆ ಇತರರಿಗೆ ಹೆಚ್ಚು ದಾರಿ ಬಿಡುತ್ತದೆ. ಬ್ಯಾಕಪ್‌ನಂಥ ಅವಸರವಿಲ್ಲದ ಕೆಲಸಕ್ಕೆ ದೊಡ್ಡ ಅಂಕಿ ಕೊಟ್ಟರೆ ಬೇರೆ ಯಾರಿಗೂ ಬೇಡವಾದ ಹೊತ್ತನ್ನು ಅದು ಬಳಸಿಕೊಳ್ಳುತ್ತದೆ.

ಆದ್ಯತೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿ ರೀಸೆಟ್ ಆಗತೊಡಗಿತು, ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬಿತ್ತು. ನೌಕೆಯ ಸಾಫ್ಟ್‌ವೇರಿನಲ್ಲಿ ಹವಾಮಾನದ ಮಾಹಿತಿ ಸಂಗ್ರಹಿಸುವುದು ಕಡಿಮೆ ಆದ್ಯತೆಯ ಹಿನ್ನೆಲೆ ಕೆಲಸ. ನೌಕೆಯ ಭಾಗಗಳ ನಡುವೆ ಮಾಹಿತಿ ಹಂಚುವುದು ಮೇಲಿನ ಆದ್ಯತೆಯ ಕೆಲಸ. ಎರಡೂ ಒಂದು ಬೀಗವನ್ನು ಹಂಚಿಕೊಂಡಿದ್ದವು: ಬೀಗ ಯಾರ ಕೈಯಲ್ಲಿದೆಯೋ ಅವರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಹವಾಮಾನದ ಕೆಲಸ ಬೀಗ ಹಿಡಿದಿರುವಾಗಲೇ ಮಧ್ಯಮ ಆದ್ಯತೆಯ ಬೇರೊಂದು ದೀರ್ಘ ಕೆಲಸ ಎದ್ದರೆ, ಅದು ಹವಾಮಾನದ ಕೆಲಸವನ್ನು ಬದಿಗೆ ತಳ್ಳುತ್ತಿತ್ತು. ಬೀಗ ಬಿಡುಗಡೆಯಾಗುತ್ತಿರಲಿಲ್ಲ. ಎಲ್ಲರಿಗಿಂತ ಮೇಲಿನವನು ಎಲ್ಲರಿಗಿಂತ ಕೆಳಗಿನವನಿಗಾಗಿ ಕಾದು ಕೂರುವ, ನಡುವಿನವನು ಆರಾಮವಾಗಿ ದುಡಿಯುವ ಸ್ಥಿತಿ. ಮುಖ್ಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿದಿಲ್ಲ ಎಂದು ಕಂಡ ಕಾವಲು ವ್ಯವಸ್ಥೆ ಕಂಪ್ಯೂಟರನ್ನೇ ರೀಸೆಟ್ ಮಾಡುತ್ತಿತ್ತು.

ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ನೌಕೆಯ ಭೂಮಿಯ ಮೇಲಿನ ಪ್ರತಿರೂಪದಲ್ಲಿ ಇದೇ ತೊಡಕು ಮರುಕಳಿಸುವಂತೆ ಮಾಡಿ ಕಾರಣ ಹಿಡಿದರು. ಬೀಗ ಹಿಡಿದವನು ತನಗಾಗಿ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಪಡೆಯುವ ಸೌಲಭ್ಯ ಆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೊದಲೇ ಇತ್ತು, ಆದರೆ ಆ ಬೀಗಕ್ಕೆ ಅದನ್ನು ಆನ್ ಮಾಡಿರಲಿಲ್ಲ. ಮಂಗಳಕ್ಕೆ ಒಂದು ತಿದ್ದುಪಡಿ ಕಳಿಸಿ ಅದನ್ನು ಆನ್ ಮಾಡಿದ ಮೇಲೆ ರೀಸೆಟ್ ನಿಂತಿತು. ಹಿನ್ನೆಲೆಯ ಕೆಲಸವನ್ನು ಹಿಂದಕ್ಕೆ ತಳ್ಳುವಾಗ ಅದರ ಕೈಯಲ್ಲಿ ಏನಿದೆ ಎಂದು ನೋಡದೆ ತಳ್ಳುವಂತಿಲ್ಲ ಎಂಬುದು ಈ ಪ್ರಸಂಗದ ನಂತರ ಕಂಪ್ಯೂಟರ್ ವಿಜ್ಞಾನದ ತರಗತಿಗಳ ಪಾಠವಾಯಿತು.

ಖಾಲಿ ಮೆಮೊರಿಯ ಮೋಹ

ಮೆಮೊರಿಯ ವಿಷಯದಲ್ಲಿ ಹಳೆಯ ಭಯವೊಂದಿದೆ. ಮೆಮೊರಿಗೆ ಹಿಡಿಸದಷ್ಟು ಪ್ರೋಗ್ರಾಂಗಳು ಸೇರಿದರೆ ಆಪರೇಟಿಂಗ್ ಸಿಸ್ಟಮ್ ಒಂದರ ಭಾಗಗಳನ್ನು ಡಿಸ್ಕಿಗೆ ಸಾಗಿಸಿ ಇನ್ನೊಂದನ್ನು ಒಳತರುತ್ತದೆ. ಮರುಕ್ಷಣ ಸಾಗಿಸಿದ್ದೇ ಬೇಕಾಗುತ್ತದೆ. ಸಾಗಾಟವೇ ಕೆಲಸವಾಗಿ ನಿಜವಾದ ಕೆಲಸ ನಿಂತುಹೋಗುತ್ತದೆ. ಪೀಟರ್ ಡೆನಿಂಗ್ 1968ರಲ್ಲಿ ಈ ತೊಳಲಾಟವನ್ನು ವಿಶ್ಲೇಷಿಸಿದರು. ಪ್ರತಿ ಪ್ರೋಗ್ರಾಮಿಗೂ ಸದ್ಯಕ್ಕೆ ಬೇಕಾದ ಪುಟಗಳ, ಅಂದರೆ ಮೆಮೊರಿಯ ತುಣುಕುಗಳ, ಗುಂಪೊಂದು ಇರುತ್ತದೆ, ಆ ಗುಂಪಿಗೆ ಜಾಗವಿಲ್ಲದಿದ್ದರೆ ಪ್ರೋಗ್ರಾಮನ್ನು ಓಡಿಸಲೇಬಾರದು ಎಂಬುದು ಅವರ ತರ್ಕದ ತಿರುಳು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕ್ ಗರಗರ ಸದ್ದು ಮಾಡುತ್ತ ಮೌಸಿನ ಬಾಣ ಅಲ್ಲಾಡದೆ ನಿಲ್ಲುತ್ತಿದ್ದುದನ್ನು ಕಂಡವರಿಗೆ ಇದರ ಅನುಭವ ಇದ್ದೇ ಇರುತ್ತದೆ.

ಈ ಭಯದಿಂದ ಹುಟ್ಟಿದ ನಂಬಿಕೆಯೆಂದರೆ ಮೆಮೊರಿ ಖಾಲಿ ಇದ್ದಷ್ಟೂ ಯಂತ್ರ ಚುರುಕು ಎನ್ನುವುದು. ಇಂದಿನ ಯಂತ್ರಗಳ ಮಟ್ಟಿಗೆ ಇದು ತಪ್ಪು. ಫೋನಿನ ರ‍್ಯಾಮ್ ವಿದ್ಯುದಾವೇಶವನ್ನು ಪುಟ್ಟ ಕೆಪಾಸಿಟರುಗಳಲ್ಲಿ ಹಿಡಿದಿಡುತ್ತದೆ. ಆವೇಶ ಸೋರುವುದರಿಂದ ಸೆಕೆಂಡಿಗೆ ಹಲವು ಸಲ, ಸಾಮಾನ್ಯವಾಗಿ 32 ಅಥವಾ 64 ಮಿಲಿಸೆಕೆಂಡಿಗೊಮ್ಮೆ, ಎಲ್ಲ ಸಾಲುಗಳನ್ನೂ ಮತ್ತೆ ತುಂಬಬೇಕು. ಆ ಸಾಲಿನಲ್ಲಿ ಉಪಯುಕ್ತ ಮಾಹಿತಿ ಇದೆಯೋ ಇಲ್ಲವೋ ಎಂದು ಅದು ಸಾಮಾನ್ಯವಾಗಿ ನೋಡುವುದಿಲ್ಲ. ಹಾಗಾಗಿ ಖಾಲಿ ರ‍್ಯಾಮ್ ಕೂಡ ತುಂಬಿದ ರ‍್ಯಾಮಿನಷ್ಟೇ ವಿದ್ಯುತ್ ತಿನ್ನುತ್ತದೆ. ಲಿನಕ್ಸ್ ಉಳಿದ ರ‍್ಯಾಮನ್ನೆಲ್ಲ ಈಚೆಗೆ ಓದಿದ ಫೈಲುಗಳ ಪ್ರತಿ ಇಟ್ಟುಕೊಳ್ಳಲು ಬಳಸುತ್ತದೆ. ಯಾರಾದರೂ ಜಾಗ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತದೆ. ಅದರಲ್ಲಿ ‘ಖಾಲಿ’ ಎಂಬ ಅಂಕಿ ಸಣ್ಣದಿದ್ದರೆ ಗಾಬರಿಪಡಬೇಕಿಲ್ಲ, ನೋಡಬೇಕಾದ್ದು ‘ಲಭ್ಯ’ ಎಂಬ ಅಂಕಿ.

ಆ್ಯಂಡ್ರಾಯ್ಡ್ ಈ ತತ್ವವನ್ನು ಇನ್ನಷ್ಟು ಮುಂದೆ ಒಯ್ದಿತು. 2008ರಲ್ಲಿ ಬಂದ ಮೊದಲ ಆ್ಯಂಡ್ರಾಯ್ಡ್ ಫೋನ್ ಟಿ-ಮೊಬೈಲ್ ಜಿ1ರಲ್ಲಿ ಇದ್ದದ್ದು 192 ಎಂಬಿ ರ‍್ಯಾಮ್. ಅಷ್ಟರಲ್ಲಿ ಬದುಕಬೇಕಾಗಿದ್ದರಿಂದ ಅದರ ರೂವಾರಿಗಳು ಆ್ಯಪ್‌ಗಳಿಗೆ ಒಂದು ಕರಾರು ಹಾಕಿದರು: ಪರದೆಯಿಂದ ಸರಿಯುವಾಗ ನಿಮ್ಮ ಸ್ಥಿತಿಯನ್ನು ಉಳಿಸಿಕೊಳ್ಳಿ, ನಿಮ್ಮನ್ನು ಯಾವಾಗ ಬೇಕಾದರೂ ತೆಗೆದುಹಾಕಲಾಗುವುದು. ಹಾಗಾಗಿ ಬಳಸಿ ಬಿಟ್ಟ ಆ್ಯಪ್ ರ‍್ಯಾಮಿನಲ್ಲಿ ಹಾಗೆಯೇ ಉಳಿಯುತ್ತದೆ, ಸಾಮಾನ್ಯವಾಗಿ ಏನೂ ಕೆಲಸ ಮಾಡದೆ. ಜಾಗದ ಅಭಾವ ಬಂದಾಗ ವ್ಯವಸ್ಥೆ ಪ್ರತಿ ಪ್ರಕ್ರಿಯೆಗೂ ಕೊಟ್ಟಿರುವ ಅಂಕ ನೋಡಿ ಒಂದೊಂದನ್ನೇ ಕೊಲ್ಲುತ್ತದೆ. ಪರದೆಯ ಮೇಲಿರುವ ಆ್ಯಪ್ ಎಲ್ಲಕ್ಕಿಂತ ಸುರಕ್ಷಿತ. ಆಮೇಲೆ ಭಾಗಶಃ ಕಾಣುವವು, ಹಾಡು ನುಡಿಸುವಂಥ ಸೇವೆಗಳು, ಕೊನೆಗೆ ಬಳಸಿ ಬಹಳ ಹೊತ್ತಾದವು. ಕತ್ತಿ ಮೊದಲು ಬೀಳುವುದು ಕೊನೆಯ ಗುಂಪಿನ ಮೇಲೆ. 2019ರ ಆ್ಯಂಡ್ರಾಯ್ಡ್ 10ರಿಂದ ಈ ತೀರ್ಮಾನಕ್ಕೆ ಉತ್ತಮ ಅಳತೆಗೋಲೂ ಸಿಕ್ಕಿತು. ಎಷ್ಟು ರ‍್ಯಾಮ್ ಖಾಲಿ ಇದೆ ಎಂಬ ಎಣಿಕೆಯ ಬದಲು, ಮೆಮೊರಿ ಸಿಗದೆ ಕೆಲಸಗಳು ಎಷ್ಟು ಹೊತ್ತು ತಡೆದು ನಿಂತಿವೆ ಎಂಬುದನ್ನು ಆ್ಯಂಡ್ರಾಯ್ಡ್‌ನ ತಿರುಳಾದ ಲಿನಕ್ಸ್ ಕರ್ನೆಲ್ ಅಳೆದು ಹೇಳುತ್ತದೆ. ಕೊಲ್ಲುವ ಮೊದಲು ಇನ್ನೊಂದು ಉಪಾಯವೂ ಇದೆ: ಬಳಕೆಯಲ್ಲಿಲ್ಲದ ಪುಟಗಳನ್ನು ರ‍್ಯಾಮಿನೊಳಗೇ ಹಿಂಡಿ ಚಿಕ್ಕದಾಗಿಸಿ ಇಡುವುದು.

2010ರ ಆಸುಪಾಸಿನಲ್ಲಿ ‘ಟಾಸ್ಕ್ ಕಿಲ್ಲರ್’ ಆ್ಯಪ್‌ಗಳ ಭರಾಟೆ ಜೋರಾಗಿತ್ತು. ಒಂದು ಗುಂಡಿ ಒತ್ತಿದರೆ ಹಿನ್ನೆಲೆಯಲ್ಲಿರುವುದೆಲ್ಲ ಸಾಯುತ್ತದೆ, ಇಷ್ಟು ಎಂಬಿ ಉಳಿಯಿತು ಎಂದು ಪರದೆಯ ಮೇಲೆ ಲೆಕ್ಕ ಬರುತ್ತದೆ, ಮನಸ್ಸಿಗೆ ಸಮಾಧಾನ. ನಡೆಯುತ್ತಿದ್ದುದು ಬೇರೆ. ಕೊಂದ ಆ್ಯಪ್‌ಗಳಲ್ಲಿ ಕೆಲವು ಕೂಡಲೇ ಮತ್ತೆ ಹುಟ್ಟುತ್ತಿದ್ದವು. ಉಳಿದವನ್ನು ಬಳಕೆದಾರರೇ ಸ್ವಲ್ಪ ಹೊತ್ತಿನಲ್ಲಿ ತೆರೆಯುತ್ತಿದ್ದರು. ಆಗ ಸಂಗ್ರಹದಿಂದ ಫೈಲುಗಳನ್ನು ಓದಿ, ಪ್ರೋಗ್ರಾಮನ್ನು ಮೊದಲಿನಿಂದ ಕಟ್ಟಿ, ನೆಟ್‌ವರ್ಕಿನಿಂದ ಮಾಹಿತಿ ಮತ್ತೆ ತರಿಸಬೇಕಾಗುತ್ತಿತ್ತು. ಸುಮ್ಮನೆ ಮಲಗಿದ್ದ ಆ್ಯಪ್ ಖರ್ಚು ಮಾಡದಿದ್ದ ವಿದ್ಯುತ್ತನ್ನು ಈ ಮರುಹುಟ್ಟು ಖರ್ಚು ಮಾಡುತ್ತಿತ್ತು. ಟಾಸ್ಕ್ ಕಿಲ್ಲರ್ ತಾನೇ ಸದಾ ಎಚ್ಚರವಿರುವ ಹಿನ್ನೆಲೆ ಕೆಲಸವಾಗಿದ್ದದ್ದು ಇದರ ಮೇಲಿನ ವ್ಯಂಗ್ಯ. ಆ್ಯಂಡ್ರಾಯ್ಡ್ 2.2ರಲ್ಲಿ ಗೂಗಲ್ ಅವುಗಳ ಅಧಿಕಾರಕ್ಕೆ ಕತ್ತರಿ ಹಾಕಿತು. ಆದರೂ ಇತ್ತೀಚಿನ ಆ್ಯಪ್‌ಗಳ ಪಟ್ಟಿಯನ್ನು ಒಂದೊಂದಾಗಿ ಮೇಲಕ್ಕೆ ತಳ್ಳುವ ಅಭ್ಯಾಸ ಲೋಕದಲ್ಲೆಲ್ಲ ಉಳಿದುಬಿಟ್ಟಿದೆ. 2016ರಲ್ಲಿ ಐಫೋನ್ ಬಳಕೆದಾರರೊಬ್ಬರು ಆ್ಯಪಲ್‌ನ ಟಿಮ್ ಕುಕ್ ಅವರಿಗೆ ಇಮೇಲ್ ಬರೆದು ಇದರಿಂದ ಬ್ಯಾಟರಿ ಉಳಿಯುತ್ತದೆಯೇ ಎಂದು ಕೇಳಿದರು. ಉತ್ತರಿಸಿದ್ದು ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ ಕ್ರೇಗ್ ಫೆಡೆರಿಗಿ: ತಾವು ಹಾಗೆ ಮಾಡುವುದೂ ಇಲ್ಲ, ಅದರ ಅಗತ್ಯವೂ ಇಲ್ಲ ಎಂದು. ಆ್ಯಪ್ ಸಿಕ್ಕಿಹಾಕಿಕೊಂಡು ಸ್ಪಂದಿಸದಿದ್ದಾಗ ಮಾತ್ರ ಅದನ್ನು ಬಲವಂತವಾಗಿ ಮುಚ್ಚಬೇಕು ಎನ್ನುವುದು ಆ ಕಂಪನಿಯ ಅಧಿಕೃತ ಸಲಹೆ ಕೂಡ.

ಎಚ್ಚರದ ಬೆಲೆ

ಹಾಗಾದರೆ ಬ್ಯಾಟರಿ ಹೋಗುವುದು ಎಲ್ಲಿಗೆ? ಈಗಿನ ಸಾಮಾನ್ಯ ಫೋನಿನ 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆಗಳಷ್ಟು ಶಕ್ತಿ ಇರುತ್ತದೆ. ಫೋನ್ ಗಾಢ ನಿದ್ದೆಯಲ್ಲಿರುವಾಗ ಅದಕ್ಕೆ ಬೇಕಾದುದು ಹತ್ತಾರು ಮಿಲಿವ್ಯಾಟ್. ಪರದೆ ಬೆಳಗಿ ಪ್ರೊಸೆಸರ್ ದುಡಿಯುವಾಗ ಅದು ವ್ಯಾಟಿನ ಲೆಕ್ಕಕ್ಕೆ ಏರುತ್ತದೆ, ಅಂದರೆ ಹತ್ತಾರು ಪಟ್ಟು. ಪರದೆ ಆರಿದ ಫೋನ್ ಬೆಳಗಿನ ಹೊತ್ತಿಗೆ ಬರಿದಾಗಿದ್ದರೆ ಅದರ ಅರ್ಥ ರಾತ್ರಿಯಿಡೀ ಯಾರೋ ಅದನ್ನು ನಿದ್ದೆಹೋಗಲು ಬಿಟ್ಟಿಲ್ಲ ಎಂದು.

ಚಿಪ್ಪಿನ ಭೌತವಿಜ್ಞಾನವೂ ಇದನ್ನೇ ಹೇಳುತ್ತದೆ. ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸುವಾಗ ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ತಗ್ಗಿಸಿದರೆ ವೋಲ್ಟೇಜನ್ನೂ ತಗ್ಗಿಸಬಹುದು, ಆಗ ಉಳಿತಾಯ ದೊಡ್ಡದು. ಆದ್ದರಿಂದಲೇ ಈಗಿನ ಫೋನಿನ ಚಿಪ್ಪುಗಳಲ್ಲಿ ಶಕ್ತಿಶಾಲಿ ಕೋರುಗಳ ಜೊತೆಗೆ ನಿಧಾನವಾದ, ಮಿತವ್ಯಯದ ಕೋರುಗಳೂ ಇರುತ್ತವೆ. ಆರ್ಮ್ ಕಂಪನಿ 2011ರಲ್ಲಿ ಈ ಜೋಡಿಯನ್ನು ಪ್ರಕಟಿಸಿತು. ಹಿನ್ನೆಲೆ ಕೆಲಸಗಳು ಹೋಗುವುದು ಬಹುತೇಕ ಚಿಕ್ಕ ಕೋರುಗಳಿಗೆ. ಮತ್ತೊಂದು ತಂತ್ರ ಇದಕ್ಕೆ ತದ್ವಿರುದ್ಧ: ಬೇಗ ಬೇಗ ಮುಗಿಸಿ ಪೂರ್ತಿ ಮಲಗುವುದು. ಪ್ರೊಸೆಸರ್ ಎಚ್ಚರವಿದ್ದರೆ ಅದರ ಸುತ್ತಲಿನ ಗಡಿಯಾರ, ಮೆಮೊರಿ ನಿಯಂತ್ರಕ, ಸಂಪರ್ಕ ಮಾರ್ಗಗಳೆಲ್ಲ ಎಚ್ಚರವಿರಬೇಕಾಗುತ್ತದೆ, ಆ ಸ್ಥಿರ ಖರ್ಚು ನಿಧಾನದ ಕೆಲಸದಿಂದ ಕಡಿಮೆಯಾಗುವುದಿಲ್ಲ. ಎರಡರಲ್ಲಿ ಯಾವುದು ಲಾಭ ಎಂಬುದು ಚಿಪ್ಪಿನಿಂದ ಚಿಪ್ಪಿಗೆ, ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಎರಡಕ್ಕೂ ಮಾರಕವಾದುದು ಒಂದೇ: ಚೂರು ಕೆಲಸಕ್ಕಾಗಿ ಮತ್ತೆ ಮತ್ತೆ ಏಳುವುದು.

ಬಹಳ ಕಾಲ ಆಪರೇಟಿಂಗ್ ಸಿಸ್ಟಮ್‌ಗಳೇ ಈ ತಪ್ಪು ಮಾಡುತ್ತಿದ್ದವು. ಕೆಲಸವಿರಲಿ ಇಲ್ಲದಿರಲಿ, ಲಿನಕ್ಸ್‌ನಲ್ಲಿ ಸೆಕೆಂಡಿಗೆ 100, 250 ಅಥವಾ 1000 ಸಲ ಗಡಿಯಾರದ ಬಡಿತ ಪ್ರೊಸೆಸರನ್ನು ಎಬ್ಬಿಸುತ್ತಿತ್ತು. 2007ರ ಲಿನಕ್ಸ್ 2.6.21ರಲ್ಲಿ, ಮಾಡಲು ಏನೂ ಇಲ್ಲದಾಗ ಬಡಿತವನ್ನೇ ನಿಲ್ಲಿಸುವ ವ್ಯವಸ್ಥೆ ಬಂತು. ಅದೇ ವರ್ಷ ಇಂಟೆಲ್ ‘ಪವರ್‌ಟಾಪ್’ ಎಂಬ ಸಾಧನ ಬಿಡುಗಡೆ ಮಾಡಿತು. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂದು ಹೆಸರು ಹಿಡಿದು ತೋರಿಸುವ ಸಾಧನವದು. ಏನೂ ಮಾಡದೆ ಕೂತಂತೆ ಕಾಣುವ ಪ್ರೋಗ್ರಾಂಗಳು ವಿನಾಕಾರಣ ಪದೇಪದೇ ಎಬ್ಬಿಸುತ್ತಿರುವುದು ಬಯಲಾಗಿ, ಒಂದೊಂದಾಗಿ ತಿದ್ದುಪಡಿಗಳು ಬಂದವು. ಹೆಸರು ಪಟ್ಟಿಯಲ್ಲಿ ಬೀಳುವ ನಾಚಿಕೆಗಿರುವಷ್ಟು ಬಲ ಎಷ್ಟೋ ನಿಯಮಗಳಿಗಿಲ್ಲ.

ಎಬ್ಬಿಸುವುದನ್ನು ತಪ್ಪಿಸಲಾಗದಿದ್ದರೆ ಒಟ್ಟುಗೂಡಿಸಬಹುದು. ಉಪ್ಪಿಗೊಮ್ಮೆ, ಮೆಣಸಿಗೊಮ್ಮೆ, ಸೀಮೆಸುಣ್ಣಕ್ಕೊಮ್ಮೆ ಪೇಟೆಗೆ ಹೋಗುವ ಬದಲು ಚೀಟಿ ಬರೆದುಕೊಂಡು ವಾರದ ಸಂತೆಗೆ ಹೋಗುವ ಕ್ರಮ ಇದು. ಹತ್ತು ಸೆಕೆಂಡು ಹೆಚ್ಚುಕಡಿಮೆಯಾದರೂ ಅಡ್ಡಿಯಿಲ್ಲ ಎಂದು ಪ್ರೋಗ್ರಾಂ ಮೊದಲೇ ಹೇಳಿದರೆ, ವ್ಯವಸ್ಥೆ ಅಂಥ ಹಲವು ಕೋರಿಕೆಗಳನ್ನು ಒಂದೇ ಎಚ್ಚರದಲ್ಲಿ ಮುಗಿಸುತ್ತದೆ. ವಿಂಡೋಸ್ 7ರಲ್ಲಿ ಇದು 2009ರಲ್ಲಿ ಬಂತು, ಮ್ಯಾಕ್‌ನ ಮ್ಯಾವರಿಕ್ಸ್‌ನಲ್ಲಿ 2013ರಲ್ಲಿ. ಮ್ಯಾವರಿಕ್ಸ್‌ನಲ್ಲೇ, ಬೇರೆ ವಿಂಡೋಗಳಿಂದ ಪೂರ್ತಿ ಮುಚ್ಚಿಹೋದ ಆ್ಯಪ್‌ಗಳ ವೇಗ ತಾನಾಗಿ ತಗ್ಗಿಸುವ ಸೌಲಭ್ಯವೂ ಸೇರಿತು. 2013ರ ಕೊನೆಗೆ ಬಂದ ಆ್ಯಂಡ್ರಾಯ್ಡ್ 4.4 ಅಲಾರಾಂಗಳನ್ನು ನಿಖರ ಮತ್ತು ಸಡಿಲ ಎಂದು ಬೇರೆ ಮಾಡಿತು. ಬೇಕೆಂದೇ ನಿಖರವೆಂದು ಕೇಳದಿದ್ದರೆ ಸಡಿಲವೇ ಸಿಗುತ್ತದೆ.

ಫೋನಿನಲ್ಲಿ ಒಟ್ಟುಗೂಡಿಸುವುದರ ಲಾಭ ಎದ್ದು ಕಾಣುವುದು ರೇಡಿಯೊದಲ್ಲಿ. ಮೊಬೈಲ್ ಜಾಲಕ್ಕೆ ಮಾಹಿತಿ ಕಳಿಸಲು ರೇಡಿಯೊ ಹೆಚ್ಚು ಶಕ್ತಿಯ ಸ್ಥಿತಿಗೆ ಏರಬೇಕು. ಕಳಿಸಿ ಮುಗಿದರೂ ಅದು ತಕ್ಷಣ ಇಳಿಯುವುದಿಲ್ಲ. ಮತ್ತೇನಾದರೂ ಬರಬಹುದೆಂದು ಕೆಲವು ಸೆಕೆಂಡು ಮೇಲೆಯೇ ಕಾಯುತ್ತದೆ. ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, 3ಜಿಯಲ್ಲಿ ಸಾಧಾರಣ ಗಾತ್ರದ ರವಾನೆಯೊಂದಕ್ಕೆ ತಗಲುವ ಶಕ್ತಿಯ ಸುಮಾರು ಶೇ. 60 ಭಾಗ ಹೋಗುತ್ತಿದ್ದುದು ರವಾನೆ ಮುಗಿದ ಮೇಲಿನ ಈ ಕಾಯುವಿಕೆಗೆ. ಅಂದರೆ ಐದು ಆ್ಯಪ್‌ಗಳು ಐದು ಬೇರೆ ನಿಮಿಷಗಳಲ್ಲಿ ಚೂರುಚೂರು ಮಾಹಿತಿ ಕಳಿಸಿದರೆ ಐದು ಸಲ ಈ ಕಾಯುವಿಕೆಯ ಖರ್ಚು. ಒಟ್ಟಿಗೆ ಕಳಿಸಿದರೆ ಒಂದೇ ಸಲ. 4ಜಿ, 5ಜಿಗಳಲ್ಲಿ ಕಾಯುವ ಕ್ರಮ ಬದಲಾಗಿದೆ, ಮೂಲ ಲೆಕ್ಕ ಬದಲಾಗಿಲ್ಲ.

ಸಂದೇಶಗಳ ವಿತರಣೆಯನ್ನು ಕೇಂದ್ರೀಕರಿಸಿದ್ದು ಈ ಕಾರಣಕ್ಕೇ. ಪ್ರತಿ ಆ್ಯಪ್ ತನ್ನ ಸರ್ವರಿಗೆ ‘ಏನಾದರೂ ಬಂತೇ’ ಎಂದು ಆಗಾಗ ಕೇಳುತ್ತಿದ್ದರೆ ರೇಡಿಯೊಗೆ ಬಿಡುವೇ ಇರದು. ಆ್ಯಪಲ್ 2009ರಲ್ಲಿ ತನ್ನ ಪುಶ್ ಸೇವೆ ಆರಂಭಿಸಿತು. ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್‌ನ ಇಂಥದೇ ಸೇವೆಯಿದೆ. ಎಲ್ಲ ಆ್ಯಪ್‌ಗಳ ಪರವಾಗಿ ಫೋನ್ ಒಂದೇ ಸಂಪರ್ಕ ಇಟ್ಟುಕೊಳ್ಳುತ್ತದೆ, ಸಂದೇಶ ಬಂದಾಗ ಆಯಾ ಆ್ಯಪನ್ನು ಎಬ್ಬಿಸುತ್ತದೆ. ಮುಖ್ಯ ಪ್ರೊಸೆಸರ್ ನಿದ್ದೆಯಲ್ಲಿದ್ದರೂ ಮೋಡೆಮ್ ಒಂದೆರಡು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಎದ್ದು ಟವರಿನ ಕರೆ ಆಲಿಸಿ ಮತ್ತೆ ಮಲಗುತ್ತದೆ. ವಾಟ್ಸ್‌ಆ್ಯಪನ್ನು ಪಟ್ಟಿಯಿಂದ ತಳ್ಳಿದ ಮೇಲೂ ಸಾಮಾನ್ಯವಾಗಿ ಸಂದೇಶಗಳು ಬರುವುದು ಈ ಏರ್ಪಾಡಿನಿಂದ.

ನಿದ್ದೆಯ ಕಾನೂನು

ಆ್ಯಂಡ್ರಾಯ್ಡ್‌ನ ಮೊದಲ ವರ್ಷಗಳಲ್ಲಿ ಆ್ಯಪ್‌ಗಳಿಗೆ ಸ್ವಾತಂತ್ರ್ಯ ಧಾರಾಳವಾಗಿತ್ತು. ಕೆಲಸದ ನಡುವೆ ಫೋನ್ ಮಲಗದಿರಲಿ ಎಂದು ಯಾವ ಆ್ಯಪ್ ಬೇಕಾದರೂ ‘ವೇಕ್‌ಲಾಕ್’ ಹಿಡಿಯಬಹುದಿತ್ತು. ಬಿಡಲು ಮರೆತರೆ ಫೋನ್ ಬಿಸಿಯಾಗುತ್ತ ಎಚ್ಚರವೇ ಇರುತ್ತಿತ್ತು. ಬಿಡುವುದನ್ನು ಮರೆಯುವ ಈ ಬಗೆಯ ದೋಷಗಳ ಬಗ್ಗೆ ಪರ್ಡ್ಯೂ ವಿಶ್ವವಿದ್ಯಾಲಯದಿಂದ 2012ರಲ್ಲಿ ಸಂಶೋಧನಾ ಪ್ರಬಂಧವೇ ಬಂತು. ವೇಕ್‌ಲಾಕ್ ಕಲ್ಪನೆಯನ್ನು ಮೂಲ ಲಿನಕ್ಸಿಗೆ ಸೇರಿಸಬೇಕೇ ಬೇಡವೇ ಎಂಬುದರ ಮೇಲೆ ಕರ್ನೆಲ್ ತಂಡದಲ್ಲಿ ವರ್ಷಗಟ್ಟಲೆ ಜಗಳ ನಡೆದದ್ದೂ ಉಂಟು.

2015ರ ಆ್ಯಂಡ್ರಾಯ್ಡ್ 6 ಈ ಧಾರಾಳತನಕ್ಕೆ ಮೊದಲ ದೊಡ್ಡ ತಡೆ ಹಾಕಿತು. ಚಾರ್ಜರ್ ಇಲ್ಲದೆ, ಪರದೆ ಆರಿ, ಅಲುಗದೆ ಬಿದ್ದಿರುವ ಫೋನ್ ‘ಡೋಜ್’ ಎಂಬ ಸ್ಥಿತಿಗೆ ಹೋಗುತ್ತದೆ. ಆಗ ಆ್ಯಪ್‌ಗಳಿಗೆ ನೆಟ್‌ವರ್ಕ್ ಇಲ್ಲ, ವೇಕ್‌ಲಾಕ್‌ಗೆ ಬೆಲೆಯಿಲ್ಲ, ಸಾಮಾನ್ಯ ಅಲಾರಾಂಗಳು ಮುಂದಕ್ಕೆ. ನಡುನಡುವೆ ಚಿಕ್ಕ ಕಿಂಡಿಯೊಂದು ತೆರೆಯುತ್ತದೆ, ಕಾದಿದ್ದ ಕೆಲಸಗಳೆಲ್ಲ ಆ ಹೊತ್ತಿನಲ್ಲಿ ಮುಗಿಯಬೇಕು. ಫೋನ್ ಅಲುಗದೆ ಇದ್ದಷ್ಟೂ ಕಿಂಡಿಗಳ ನಡುವಿನ ಅಂತರ ಹೆಚ್ಚುತ್ತದೆ. ಎಬ್ಬಿಸುವ ಗಡಿಯಾರದ ಅಲಾರಾಂಗೂ ತುರ್ತು ಎಂದು ಗುರುತಿಸಿದ ಪುಶ್ ಸಂದೇಶಕ್ಕೂ ವಿನಾಯಿತಿ ಇದೆ. ಮರುವರ್ಷ ಜೇಬಿನಲ್ಲಿ ಅಲುಗುವ ಫೋನಿಗೂ ಇದರ ಹಗುರ ರೂಪ ಬಂತು. 2017ರ ಆ್ಯಂಡ್ರಾಯ್ಡ್ 8ರಿಂದ ಪರದೆಯಲ್ಲಿಲ್ಲದ ಆ್ಯಪ್ ಮನಬಂದಂತೆ ಸೇವೆಗಳನ್ನು ಓಡಿಸುವಂತಿಲ್ಲ. ಓಡಿಸಲೇಬೇಕೆಂದರೆ ನೋಟಿಫಿಕೇಶನ್ ಮೂಲಕ ಬಳಕೆದಾರರ ಕಣ್ಣಿಗೆ ಬೀಳಬೇಕು. ಹಾಡು ಕೇಳುವಾಗ, ದಾರಿ ತೋರಿಸುವ ನಕ್ಷೆ ಬಳಸುವಾಗ ಮೇಲುಗಡೆ ಸದಾ ಒಂದು ಪಟ್ಟಿ ಕಾಣುವುದು ಇದಕ್ಕೇ. ಮರುವರ್ಷದಿಂದ ಆ್ಯಪ್‌ಗಳನ್ನು ಬಳಕೆಯ ಪ್ರಕಾರ ಗುಂಪು ಮಾಡುವ ಪದ್ಧತಿ ಬಂತು: ಅಪರೂಪಕ್ಕೆ ತೆರೆಯುವ ಆ್ಯಪಿಗೆ ಹಿನ್ನೆಲೆ ಅವಕಾಶವೂ ಅಪರೂಪ. ಗಂಟೆಗೆ 10ಕ್ಕಿಂತ ಹೆಚ್ಚು ಸಲ ಫೋನನ್ನು ಎಬ್ಬಿಸುವುದು ಅತಿ ಎಂದು ಗೂಗಲ್ ತನ್ನ ಡೆವಲಪರುಗಳಿಗೆ ಹೇಳುತ್ತದೆ.

ಐಫೋನ್ ಎದುರು ದಿಕ್ಕಿನಿಂದ ನಡೆದು ಬಂತು. ಆರಂಭದಲ್ಲಿ ಬೇರೆಯವರ ಆ್ಯಪ್‌ಗಳಿಗೆ ಹಿನ್ನೆಲೆಯ ಅವಕಾಶವೇ ಇರಲಿಲ್ಲ. 2010ರ ಐಓಎಸ್ 4 ಹಾಡು, ಸ್ಥಳ ಮಾಹಿತಿ, ಇಂಟರ್‌ನೆಟ್ ಕರೆ ಮುಂತಾದ ಕೆಲವೇ ಬಗೆಗೆ ಬಾಗಿಲು ತೆರೆಯಿತು. 2013ರ ಐಓಎಸ್ 7ರಲ್ಲಿ, ಬಳಕೆಯ ರೂಢಿ ನೋಡಿಕೊಂಡು ವ್ಯವಸ್ಥೆಯೇ ಆ್ಯಪ್‌ಗಳಿಗೆ ಹೊತ್ತು ಹಂಚುವ ‘ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್’ ಸೇರಿತು. ಈಗ ಎರಡೂ ವ್ಯವಸ್ಥೆಗಳು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿವೆ.

ಬಿಗಿಯಾದ ಕಾನೂನಿಗೂ ಬೆಲೆಯುಂಟು. 2020ರಲ್ಲಿ ಕೋವಿಡ್ ಸಂಪರ್ಕ ಪತ್ತೆಗಾಗಿ ಬ್ರಿಟನ್ನಿನ ಆರೋಗ್ಯ ಸೇವೆ ತಾನೇ ಆ್ಯಪ್ ರೂಪಿಸಿ ಐಲ್ ಆಫ್ ವೈಟ್ ದ್ವೀಪದಲ್ಲಿ ಪ್ರಯೋಗ ನಡೆಸಿತು. ಹತ್ತಿರದಲ್ಲಿರುವ ಫೋನುಗಳು ಬ್ಲೂಟೂತ್ ಮೂಲಕ ಒಂದನ್ನೊಂದು ಗುರುತಿಸಬೇಕು, ಅದೂ ದಿನವಿಡೀ, ಪರದೆ ಆರಿದ್ದಾಗಲೂ. ಪರದೆ ಆರಿದ ಐಫೋನಿನಲ್ಲಿ ಸಾಮಾನ್ಯ ಆ್ಯಪಿಗೆ ಅಂಥ ಸಲಿಗೆ ಇರಲಿಲ್ಲ. ಪ್ರಯೋಗದಲ್ಲಿ ಆ ಆ್ಯಪ್ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಶೇ. 75ರಷ್ಟನ್ನು ಗುರುತಿಸಿದರೆ ಐಫೋನುಗಳಲ್ಲಿ ಶೇ. 4ರಷ್ಟನ್ನು ಮಾತ್ರ ಗುರುತಿಸಿತು. ಜೂನ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟು, ಆ್ಯಪಲ್ ಮತ್ತು ಗೂಗಲ್ ಸೇರಿ ಆಪರೇಟಿಂಗ್ ಸಿಸ್ಟಮ್‌ನ ಒಳಗೇ ಅಳವಡಿಸಿದ್ದ ವ್ಯವಸ್ಥೆಯ ಕಡೆಗೆ ಹೊರಳಿತು. ಭಾರತದ ಆರೋಗ್ಯ ಸೇತು ಆ ಹಾದಿ ಹಿಡಿಯದೆ, ಬ್ಲೂಟೂತ್ ಮತ್ತು ಲೊಕೇಶನ್ ಎರಡನ್ನೂ ಸದಾ ಆನ್ ಇಡುವಂತೆ ಬಳಕೆದಾರರನ್ನೇ ಕೇಳಿಕೊಂಡಿತು. ಹಿನ್ನೆಲೆಯಲ್ಲಿ ಯಾರು ದುಡಿಯಬಹುದು ಎಂಬ ತಾಂತ್ರಿಕ ನಿಯಮ ಸಾರ್ವಜನಿಕ ಆರೋಗ್ಯದ ನೀತಿಯನ್ನೇ ತಿರುಗಿಸಬಲ್ಲದು ಎಂದು ಆ ವರ್ಷಕ್ಕೆ ಮೊದಲು ಯಾರೂ ಅಷ್ಟಾಗಿ ಯೋಚಿಸಿರಲಿಲ್ಲ.

ಆ್ಯಂಡ್ರಾಯ್ಡ್‌ನಲ್ಲಿ ತೊಂದರೆ ಬರುವುದು ಬೇರೆ ದಾರಿಯಿಂದ. ಕೆಲವು ಫೋನ್ ತಯಾರಕರು ಬ್ಯಾಟರಿ ಬಾಳಿಕೆ ಹೆಚ್ಚಿಸಿ ತೋರಿಸಲು ಗೂಗಲ್‌ನ ನಿಯಮಗಳ ಮೇಲೆ ತಮ್ಮದೇ ಕಠಿಣ ನಿಯಮ ಹೇರುತ್ತಾರೆ. ಮಾತ್ರೆ ನೆನಪಿಸುವ ಆ್ಯಪ್ ಸದ್ದಿಲ್ಲದೆ ಸತ್ತಿರುತ್ತದೆ, ಓಟದ ದಾಖಲೆ ಅರ್ಧದಲ್ಲಿ ತುಂಡಾಗಿರುತ್ತದೆ. ಆ್ಯಪಿನ ತಪ್ಪೆಂದು ಬಳಕೆದಾರರು ಬೈಯುವುದು ಅದರ ಡೆವಲಪರನ್ನು. ಔಷಧಿ, ಸಕ್ಕರೆ ಮಟ್ಟ, ಭದ್ರತೆಗೆ ಸಂಬಂಧಿಸಿದ ಆ್ಯಪ್‌ಗಳನ್ನು ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ‘ನಿರ್ಬಂಧವಿಲ್ಲ’ ಎಂಬ ಸಾಲಿಗೆ ಸೇರಿಸುವುದು ಇಂಥ ಫೋನುಗಳಲ್ಲಿ ಅಗತ್ಯ.

ಬಳಕೆದಾರರ ಕೈಯಲ್ಲಿರುವುದು

ಉಳಿದ ಆ್ಯಪ್‌ಗಳ ವಿಷಯದಲ್ಲಿ ಮಾಡಬೇಕಾದ್ದು ಕಡಿಮೆ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಆ್ಯಪ್ ಪರದೆಯಲ್ಲಿದ್ದಾಗ ಮತ್ತು ಹಿನ್ನೆಲೆಯಲ್ಲಿದ್ದಾಗ ಎಷ್ಟು ಹೊತ್ತು ದುಡಿಯಿತು ಎಂಬ ಲೆಕ್ಕ ಸಿಗುತ್ತದೆ. ಬಳಸದೇ ಇದ್ದರೂ ಹಿನ್ನೆಲೆಯ ಹೊತ್ತು ದೊಡ್ಡದಾಗಿರುವ ಆ್ಯಪನ್ನು ನಿರ್ಬಂಧಿಸಬಹುದು, ಬೇಡವಾದರೆ ತೆಗೆದೇ ಹಾಕಬಹುದು. ಸ್ಥಳ ಮಾಹಿತಿಯ ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂದು ಬದಲಿಸಿದರೆ ಬ್ಯಾಟರಿಯೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಸಿಗ್ನಲ್ ಸಿಗದ ಕಡೆ, ಮಲೆನಾಡಿನ ಕಣಿವೆಯಲ್ಲೋ ದೂರದ ರೈಲು ಪ್ರಯಾಣದಲ್ಲೋ, ಟವರ್ ಹುಡುಕುತ್ತ ರೇಡಿಯೊ ಹೆಚ್ಚು ಶಕ್ತಿ ಸುರಿಯುತ್ತದೆ. ಅಲ್ಲಿ ಆ್ಯಪ್‌ಗಳನ್ನು ಮುಚ್ಚುವುದಕ್ಕಿಂತ ಏರ್‌ಪ್ಲೇನ್ ಮೋಡ್ ಹೆಚ್ಚು ಫಲಕಾರಿ.

ವಿಂಡೋಸ್‌ನಲ್ಲಿ ಮೊದಲು ನೋಡಬೇಕಾದ್ದು, ಕಂಪ್ಯೂಟರ್ ಆನ್ ಆಗುವಾಗಲೇ ಏಳುವ ಪ್ರೋಗ್ರಾಂಗಳ ಪಟ್ಟಿ. ವಿಂಡೋಸ್ 8ರಿಂದ ಅದು ಟಾಸ್ಕ್ ಮ್ಯಾನೇಜರಿನಲ್ಲೇ ಸಿಗುತ್ತದೆ. ವಿಡಿಯೊ ಕರೆ, ಆಟ, ಪ್ರಿಂಟರ್ ಸಹಾಯಕ ಮುಂತಾದವು ಕೇಳದೆಯೇ ಅಲ್ಲಿ ಸೇರಿಕೊಂಡಿರುತ್ತವೆ. ಅಲ್ಲಿಂದ ತೆಗೆದರೆ ಪ್ರೋಗ್ರಾಂ ಅಳಿದುಹೋಗುವುದಿಲ್ಲ, ಬೇಕಾದಾಗ ತೆರೆಯಬಹುದು. ಮ್ಯಾಕ್‌ನ ಆ್ಯಕ್ಟಿವಿಟಿ ಮಾನಿಟರಿನಲ್ಲಿ ಶಕ್ತಿ ಬಳಕೆಗೇ ಪ್ರತ್ಯೇಕ ವಿಭಾಗವಿದೆ. ಇನ್ನು ಬ್ರೌಸರ್ ತಾನೇ ಒಂದು ಆಪರೇಟಿಂಗ್ ಸಿಸ್ಟಮ್‌ನಂತೆ ಬೆಳೆದಿದೆ, ತೆರೆದಿಟ್ಟ ಟ್ಯಾಬುಗಳು ಅದರ ಹಿನ್ನೆಲೆ ಕೆಲಸಗಳು. 2017ರಿಂದ ಕ್ರೋಮ್ ಹಿಂದಿನ ಟ್ಯಾಬುಗಳ ಟೈಮರುಗಳಿಗೆ ಸರಾಸರಿ ಒಂದು ಕೋರಿನ ಶೇ. 1ರಷ್ಟು ಸಮಯದ ಮಿತಿ ಹಾಕಿದೆ. 2021ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮರೆಯಾದ ಟ್ಯಾಬುಗಳ ಟೈಮರುಗಳು ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ಮಾತ್ರ ಏಳುತ್ತವೆ. ಹಾಡು ನುಡಿಸುತ್ತಿರುವ ಟ್ಯಾಬಿಗೆ ಈ ಮಿತಿಗಳಿಲ್ಲ.

ಆಪರೇಟಿಂಗ್ ಸಿಸ್ಟಮ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಬ್ಯಾಟರಿ ಬೇಗ ಇಳಿಯುವುದು, ಫೋನ್ ಬೆಚ್ಚಗಾಗುವುದು ಸಹಜ. ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಮರಳಿ ಅಣಿಗೊಳಿಸುವುದು, ಫೋಟೊಗಳಲ್ಲಿನ ಮುಖಗಳನ್ನು ಮತ್ತೆ ಗುರುತಿಸುವುದು, ಹುಡುಕಾಟದ ಸೂಚಿ ಕಟ್ಟುವುದು ಎಲ್ಲ ಆಗ ಒಟ್ಟಿಗೆ ಬರುತ್ತವೆ. ಇವನ್ನು ಆದಷ್ಟೂ ಫೋನ್ ಚಾರ್ಜಿಗೆ ಹಾಕಿ, ಬಳಸದೆ ಬಿಟ್ಟ ಹೊತ್ತಿಗೆ ವ್ಯವಸ್ಥೆ ಮೀಸಲಿಡುತ್ತದೆ. ಆದ್ದರಿಂದ ಅಪ್‌ಡೇಟ್ ಆದ ರಾತ್ರಿ ಫೋನನ್ನು ವೈಫೈ ಮತ್ತು ಚಾರ್ಜರಿಗೆ ಜೋಡಿಸಿಟ್ಟರೆ ಈ ಕೆಲಸಗಳಲ್ಲಿ ಬಹುಪಾಲು ಬೆಳಗಾಗುವಷ್ಟರಲ್ಲಿ ಮುಗಿದಿರುತ್ತವೆ.